ಬಿದ್ದ ಮೇಲೆ ಏನು? ಸ್ಕೇಟ್‌ಬೋರ್ಡಿಂಗ್ ವಿಡಿಯೋ ಗೇಮ್‌ಗಳ ವಯೋಸೂಚಿ: ಒಂದು ಪರಿಶೀಲನೆ

ಅಮೆರಿಕದಲ್ಲಿ ವಿಡಿಯೋ ಗೇಮ್‌ಗಳಿಗೆ ವಯೋಸೂಚಿ ಕೊಡುವ ಇಎಸ್‌ಆರ್‌ಬಿ 1994ರಲ್ಲಿ ಹುಟ್ಟಿತು. ‘ಮಾರ್ಟಲ್ ಕಾಂಬ್ಯಾಟ್’ನಂಥ ಆಟಗಳ ರಕ್ತಪಾತ ಅದಕ್ಕೂ ಮೊದಲೇ ಅಲ್ಲಿನ ಸೆನೆಟ್‌ನಲ್ಲಿ ಚರ್ಚೆಯಾಗಿತ್ತು. ಹುಟ್ಟಿದ ಸಂದರ್ಭದ ಗುರುತು ಅದರ ಮಾನದಂಡಗಳಲ್ಲಿ ಇಂದಿಗೂ ಇದೆ: ರಕ್ತ, ಬೈಗುಳ, ಲೈಂಗಿಕ ಸೂಚನೆ, ಮಾದಕ ವಸ್ತುಗಳು ಅದರ ಕಣ್ಣಿಗೆ ಬೇಗ ಬೀಳುತ್ತವೆ. ಸ್ಕೇಟ್‌ಬೋರ್ಡಿಂಗ್ ಆಟಗಳಿಗೆ ಇಷ್ಟು ಸಾಲದು ಎಂಬುದು ಈ ಲೇಖನದ ವಾದ. ಇವುಗಳಲ್ಲಿ ಕೊಲ್ಲಬೇಕಾದ ಶತ್ರುವಿಲ್ಲ. ಪೆಟ್ಟು ಬೀಳುವುದು ಮಗು ನಡೆಸುತ್ತಿರುವ ಪಾತ್ರಕ್ಕೇ. ಹಾಗಾಗಿ ಆ ಬೀಳುವಿಕೆಗೆ ಆಟ ಕೊಡುವ ಬೆಲೆಯನ್ನು ಮೊದಲು ನೋಡಬೇಕು.

1999ರ ‘ಟೋನಿ ಹಾಕ್ಸ್ ಪ್ರೋ ಸ್ಕೇಟರ್’ನಲ್ಲಿ ಪ್ರತಿ ಸುತ್ತಿಗೆ ಎರಡು ನಿಮಿಷ. ಬಿದ್ದರೆ ಕೈಗೆ ಬರಬೇಕಿದ್ದ ಅಂಕ ಹೋಗುತ್ತದೆ, ಸವಾರ ಮರುಕ್ಷಣವೇ ಎದ್ದು ಹೊರಡುತ್ತಾನೆ. ಬೀಳುವುದು ಅಲ್ಲಿ ನಷ್ಟ. 2010ರ ‘ಸ್ಕೇಟ್ 3’ರಲ್ಲಿರುವ ‘ಹಾಲ್ ಆಫ್ ಮೀಟ್’ ಎಂಬ ವಿಭಾಗದಲ್ಲಾದರೋ ಬೀಳುವುದೇ ಗುರಿ. ಮೂಳೆ ಹೆಚ್ಚು ಮುರಿದಷ್ಟೂ ಅಂಕ ಹೆಚ್ಚು. ಎರಡೂ ಹದಿಹರೆಯದವರಿಗೆಂಬ ‘ಟಿ’ ಸೂಚಿಯ ಆಟಗಳೇ. ರಕ್ತ ಎಷ್ಟು ಕಂಡಿತೆಂದು ಅಳೆಯುವವರಿಗೆ ಈ ವ್ಯತ್ಯಾಸ ಸಣ್ಣದು. ನನ್ನ ದೃಷ್ಟಿಯಲ್ಲಿ ನಿರ್ಧಾರ ನಿಲ್ಲಬೇಕಾದದ್ದು ಇದರ ಮೇಲೆಯೇ.

ಕಾರಣ, ಈ ಕ್ರೀಡೆ ಮಗುವಿಗೆ ಡ್ರ್ಯಾಗನ್ನಿನ ಬೇಟೆಯಷ್ಟು ದೂರದ್ದಲ್ಲ. ಹಲಗೆಯೊಂದು ಸಿಕ್ಕರೆ ಅದನ್ನು ಮನೆಯೆದುರಿನ ರಸ್ತೆಯಲ್ಲೇ ಆಡಿ ನೋಡಬಹುದು. ಬ್ರಿಟನ್ನಿನ ಸ್ಕೈ ಬ್ರೌನ್ 2020ರಲ್ಲಿ ಅಭ್ಯಾಸದ ವೇಳೆ ಬಿದ್ದು, ಹೆಲ್ಮೆಟ್ ಧರಿಸಿದ್ದೂ ತಲೆಬುರುಡೆ ಬಿರುಕುಬಿಟ್ಟು ಆಸ್ಪತ್ರೆ ಸೇರಿದಳು. ಮರುವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಅವಳಿಗೆ 13 ವರ್ಷ. ಪರದೆಯ ಮೇಲೆ ಕ್ಷಣದಲ್ಲಿ ಎದ್ದು ನಿಲ್ಲುವ ಸವಾರನಿಗೂ ಈ ಹುಡುಗಿಗೂ ನಡುವಿನ ಅಂತರವನ್ನು ಯಾವ ಸೂಚಿಯೂ ಹೇಳುವುದಿಲ್ಲ. ಅದನ್ನು ಮಗುವಿಗೆ ಹಿರಿಯರೇ ಹೇಳಬೇಕು.

‘ಸ್ಕೇಟಿಂಗ್ ನಿಷೇಧ’ ಫಲಕಗಳನ್ನು ಮುರಿಯುವ ಕೆಲಸವೂ ಟೋನಿ ಹಾಕ್ ಆಟದಲ್ಲುಂಟು. ಪೋಷಕರ ಆತಂಕ ಸಹಜ. ಆದರೂ ಇದೊಂದಕ್ಕಾಗಿ ಆಟವನ್ನು ತಳ್ಳಿಹಾಕುವುದು ಸರಿಯಲ್ಲ. 1970ರ ದಶಕದ ಬರಗಾಲದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಪರರ ಬರಿದಾದ ಈಜುಕೊಳಗಳಿಗೆ ನುಗ್ಗಿಯೇ ಈ ಕ್ರೀಡೆಯ ಹೊಸ ಪಟ್ಟುಗಳನ್ನು ಕಂಡುಕೊಂಡರು. ಜಾಗದ ಜಗಳ ಇದರ ಚರಿತ್ರೆಯ ಭಾಗ. ಹತ್ತು ದಾಟಿದ ಮಗುವಿನೊಂದಿಗೆ ಇದನ್ನು ಚರ್ಚಿಸಬಹುದು. ಹಿನ್ನೆಲೆಯ ಪಂಕ್ ಹಾಡುಗಳ ಸಾಹಿತ್ಯವನ್ನು ಮಾತ್ರ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

2025ರ ಸೆಪ್ಟೆಂಬರಿನಲ್ಲಿ ಆರಂಭಿಕ ಆವೃತ್ತಿಯಾಗಿ ಬಂದ ಹೊಸ ‘ಸ್ಕೇಟ್’ ಪ್ರಶ್ನೆಯನ್ನೇ ಬದಲಿಸಿದೆ. ಆಟ ಉಚಿತ, ಆದಾಯ ಬರುವುದು ಉಡುಪು, ಅಲಂಕಾರಗಳ ಮಾರಾಟದಿಂದ. ಆಡಲು ಅಂತರ್ಜಾಲ ಬೇಕೇ ಬೇಕು, ಜೊತೆಗೆ ಅಪರಿಚಿತರಿರುತ್ತಾರೆ. ಆಟಗಾರರ ನಡುವಿನ ಸಂವಹನವನ್ನು ಇಎಸ್‌ಆರ್‌ಬಿ ಅಳೆಯುವುದಿಲ್ಲ, ಅದು ಇದೆಯೆಂದಷ್ಟೇ ಸೂಚಿಸುತ್ತದೆ. ಭಾರತದ ಪೋಷಕರಿಗೆ ಇಲ್ಲಿ ಇನ್ನೊಂದು ತೊಡಕಿದೆ: ‘ಟಿ’ ಸೂಚಿ 13 ದಾಟಿದವರಿಗೆ ಬಾಗಿಲು ತೆರೆಯುತ್ತದೆ, ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲರೂ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಹೀಗಾಗಿ ಹದಿನಾಲ್ಕರ ಹುಡುಗಿಗೆ ಹಳೆಯ ಡಿಸ್ಕ್ ಕೊಡಲು ಹಿಂಜರಿಯದ ನಾನು, ಈ ಉಚಿತ ಆಟವನ್ನು ಖರೀದಿಗೆ ಬೀಗ ಹಾಕದೆ ಕೊಡುವಂತೆ ಯಾರಿಗೂ ಹೇಳಲಾರೆ.