ಹೆಸರಿಲ್ಲದ ಯುದ್ಧ: ಪೋರ್ಚುಗಲ್ಲಿನ ಆಫ್ರಿಕಾ ಸಮರವೂ ಸ್ವದೇಶದ ಜನಜೀವನವೂ (1961–1974)

ಯಾವುದಾದರೊಂದು ಯುದ್ಧವು ಅದನ್ನು ಹೂಡಿದ ದೇಶದ ಪ್ರಜೆಗಳಿಗೇ ಅಪ್ರಿಯವಾಗಿತ್ತೆಂದು ಸಾಧಿಸಹೊರಟ ಇತಿಹಾಸಕಾರನು ಸಾಮಾನ್ಯವಾಗಿ ಚುನಾವಣೆಯ ಫಲಿತಾಂಶವನ್ನೋ, ಪತ್ರಿಕೆಗಳ ಅಗ್ರಲೇಖನಗಳನ್ನೋ, ರಾಜಬೀದಿಯ ಮೆರವಣಿಗೆಗಳನ್ನೋ ಸಾಕ್ಷ್ಯಕ್ಕೆ ಕರೆಯುತ್ತಾನೆ. ಆದರೆ 1932ರಿಂದ ಸಾಲಾಜಾರನು ಪ್ರಧಾನಿಯಾಗಿದ್ದ ಪೋರ್ಚುಗಲ್ಲಿನಲ್ಲಿ ಸರ್ಕಾರಿ ಪರಿಶೀಲಕನ ನೀಲಿ ಪೆನ್ಸಿಲನ್ನು ದಾಟದೆ ಪತ್ರಿಕೆಯ ಒಂದು ವಾಕ್ಯವೂ ಅಚ್ಚಾಗುತ್ತಿರಲಿಲ್ಲ; ಗೆಲ್ಲುವವರು ಯಾರೆಂಬುದು ಮತದಾನಕ್ಕೆ ಮೊದಲೇ ನಿಶ್ಚಿತವಾಗಿರುತ್ತಿತ್ತು; ಮಿಕ್ಕದ್ದನ್ನು ಪೀಡೆ ಎಂಬ ಗುಪ್ತ ಪೊಲೀಸು ಇಲಾಖೆ ನೋಡಿಕೊಳ್ಳುತ್ತಿತ್ತು. (ಪೋರ್ಚುಗೀಸರಿಗೆ ಅದು ಬರಿಯ ಅಕ್ಷರಸಂಕ್ಷೇಪ, ಕನ್ನಡದ ಕಿವಿಗಾದರೋ ಅನ್ವರ್ಥನಾಮ.) ಅಂಥಲ್ಲಿ ಜನಾಭಿಪ್ರಾಯವನ್ನು ನಾಲಗೆಯ ಮೇಲೆ ಹುಡುಕಿದರೆ ಸಿಕ್ಕದು. ದೇಶವನ್ನೇ ಬಿಟ್ಟು ನಡೆದುಹೋದವರ ಹೆಜ್ಜೆಗಳಲ್ಲಿ ಅದನ್ನು ಅರಸಬೇಕಾಗುತ್ತದೆಂಬುದೇ ಈ ಲೇಖನದ ಪ್ರತಿಪಾದ್ಯ.

ಆ ಯುದ್ಧಕ್ಕೆ ಯುದ್ಧವೆಂಬ ಹೆಸರೂ ಇರಲಿಲ್ಲ. 1951ರ ಸಂವಿಧಾನ ತಿದ್ದುಪಡಿಯಿಂದ ವಸಾಹತುಗಳೆಲ್ಲ ‘ಸಾಗರೋತ್ತರ ಪ್ರಾಂತ್ಯ’ಗಳಾಗಿದ್ದುದರಿಂದ, ತನ್ನ ಪ್ರಾಂತ್ಯದ ಮೇಲೆಯೇ ರಾಜ್ಯವು ಯುದ್ಧ ಸಾರುವುದು ಅಸಂಗತವೆಂದು ಲಿಸ್ಬನ್ನಿನ ಆಡಳಿತಗಾರರು ವಾದಿಸಿದರು. 1961ರ ಫೆಬ್ರವರಿ 4ರಂದು ಅಂಗೋಲದ ಲುವಾಂಡಾ ನಗರದ ಸೆರೆಮನೆಯ ಮೇಲೆ ದಾಳಿಯಾಯಿತು. ಮಾರ್ಚ್ 15ರಿಂದ ಉತ್ತರದ ಕಾಫಿ ತೋಟಗಳಲ್ಲಿ ಬಿಳಿಯ ನೆಲಸಿಗರೂ ಅವರ ಆಫ್ರಿಕನ್ ಕೂಲಿಗಳೂ ನಿರ್ದಯವಾಗಿ ಹತರಾದರು. ಅದಕ್ಕೆ ಪ್ರತಿಯಾಗಿ ನಡೆದ ಸಂಹಾರವು ಮೊದಲಿನದನ್ನು ಅನೇಕ ಪಾಲು ಮೀರಿಸಿತು. ಏಪ್ರಿಲ್ ತಿಂಗಳಲ್ಲಿ ರಕ್ಷಣಾ ಮಂತ್ರಿಯಾದ ಬೊಟೆಲ್ಯು ಮೊನಿಜನೇ ಸಾಲಾಜಾರನನ್ನು ಪದಚ್ಯುತಗೊಳಿಸಲು ಯತ್ನಿಸಿ ಸೋತನು. ಸಾಲಾಜಾರನು ಆ ಖಾತೆಯನ್ನೂ ತಾನೇ ವಹಿಸಿಕೊಂಡನು.

ಅದೇ ವರ್ಷದ ಕೊನೆಯ ಪ್ರಕರಣವೊಂದು ನಮ್ಮ ನೆರೆಯಲ್ಲಿಯೇ ನಡೆಯಿತು. ಡಿಸೆಂಬರ್ 18ರಂದು ಬೆಳಗಾವಿಯ ಕಡೆಯಿಂದ ಹೊರಟ ಭಾರತೀಯ ಸೇನೆ ಗೋವೆಯನ್ನು ಪ್ರವೇಶಿಸಿತು. ಕಾರವಾರದ ತೀರಕ್ಕೆ ಎದುರಾಗಿರುವ ಅಂಜದೀವ ದ್ವೀಪವನ್ನು ವಶಪಡಿಸಿಕೊಳ್ಳುವ ಕಾರ್ಯದಲ್ಲಿ ತ್ರಿಶೂಲ್ ನೌಕೆಯೊಡನೆ ಮೈಸೂರು ಎಂಬ ಹೆಸರಿನ ನೌಕೆಯೂ ಇತ್ತು, ಏಳು ಮಂದಿ ನಾವಿಕರು ಅಲ್ಲಿ ಮಡಿದರು. ಗೆಲ್ಲಬೇಕು, ಇಲ್ಲವೇ ಮಡಿಯಬೇಕು, ಶರಣಾಗತಿಯ ಮಾತೇ ಕೂಡದೆಂದು ಸಾಲಾಜಾರನಿಂದ ಆಜ್ಞೆ ಪಡೆದಿದ್ದ ಗವರ್ನರ್ ಜನರಲ್ ವಸ್ಸಾಲು ಇ ಸಿಲ್ವಾ, ನಿರರ್ಥಕ ರಕ್ತಪಾತಕ್ಕೆ ಒಪ್ಪದೆ ಮರುದಿನವೇ ಶಸ್ತ್ರವನ್ನು ಕೆಳಗಿಟ್ಟನು. ಮೂರು ಸಾವಿರಕ್ಕೂ ಮೀರಿದ ಅವನ ಸೈನಿಕರು ಬಂಧನದಲ್ಲಿದ್ದು 1962ರ ಮೇ ತಿಂಗಳಲ್ಲಿ ತಾಯ್ನಾಡಿಗೆ ಮರಳಿದಾಗ ಅವರಿಗೆ ದೊರೆತದ್ದು ಅಪರಾಧಿಗಳಿಗೆ ಸಲ್ಲುವ ಸ್ವಾಗತ. 1963ರಲ್ಲಿ ಗವರ್ನರನೂ ಕೆಲವು ಅಧಿಕಾರಿಗಳೂ ಸೇನೆಯಿಂದ ಉಚ್ಚಾಟಿತರಾದರು. ರಾಜಕಾರಣಿಯ ಹಠಕ್ಕೆ ಸೈನಿಕನು ತಲೆದಂಡ ತೆರಬೇಕಾದೀತೆಂಬ ಈ ಪಾಠವನ್ನು ಪೋರ್ಚುಗೀಸ್ ಸೇನಾಧಿಕಾರಿಗಳು ಮರೆಯಲಿಲ್ಲ.

ಯುದ್ಧದ ಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1963ರ ಜನವರಿಯಲ್ಲಿ ಅಮಿಲ್ಕಾರ್ ಕಬ್ರಾಲನ ಪಕ್ಷವು ಗಿನಿಯಲ್ಲಿಯೂ, 1964ರ ಸೆಪ್ಟೆಂಬರಿನಲ್ಲಿ ಫ್ರೆಲಿಮೊ ಎಂಬ ವಿಮೋಚನಾ ಸಂಘಟನೆಯು ಮೊಜಾಂಬಿಕ್ಕಿನಲ್ಲಿಯೂ ಹೋರಾಟವನ್ನಾರಂಭಿಸಿದುವು. 90 ಲಕ್ಷಕ್ಕೂ ಕಡಮೆ ಜನರಿದ್ದ ಬಡ ದೇಶವೊಂದು, ಒಂದಕ್ಕೊಂದು ಸಹಸ್ರಾರು ಮೈಲಿ ದೂರವಿದ್ದ ಮೂರು ರಂಗಗಳಲ್ಲಿ ಏಕಕಾಲಕ್ಕೆ ಕಾದಬೇಕಾಯಿತು. ಕೊನೆಗೆ ಅಲ್ಲಿದ್ದ ಸೇನೆ ಸುಮಾರು 1,50,000. ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಆಫ್ರಿಕದಲ್ಲಿಯೇ ಸೇರಿದವರು. ರಾಜ್ಯದ ವೆಚ್ಚದಲ್ಲಿ ಶೇಕಡಾ 40ರ ಆಸುಪಾಸು ಸೇನೆಗೇ ಸಂದಿತು. ಹದಿಮೂರು ವರ್ಷಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಪೋರ್ಚುಗೀಸ್ ಸೈನಿಕರು ಸತ್ತರು. ಆಫ್ರಿಕನ್ನರಲ್ಲಿ ಮಡಿದವರ ಸಂಖ್ಯೆ ಅದನ್ನು ಎಷ್ಟೋ ಪಟ್ಟು ಮೀರಿದ್ದು.

ಸ್ವದೇಶದ ಮನೆಮನೆಯನ್ನೂ ಈ ಯುದ್ಧವು ಹೊಕ್ಕ ಬಗೆಯೇ ಹೆಚ್ಚು ವಿಚಾರಾರ್ಹವಾದುದು. ಪ್ರಾಯಕ್ಕೆ ಬಂದ ಹುಡುಗನಿಗೆ ಕಡ್ಡಾಯ ಸೈನ್ಯಸೇವೆ ನಾಲ್ಕು ವರ್ಷದವರೆಗೂ ಬೆಳೆಯುತ್ತಿತ್ತು. ಅದರಲ್ಲಿ ಎರಡು ವರ್ಷ ಆಫ್ರಿಕದ ಪಾಲು. ನಿಯಾಸಾ, ವೇರಾ ಕ್ರೂಜ್ ಮೊದಲಾದ ಹಡಗುಗಳು ಲಿಸ್ಬನ್ನಿನ ಧಕ್ಕೆಯಿಂದ ಹೊರಡುವಾಗ ತಾಯಂದಿರು ಕರವಸ್ತ್ರ ಬೀಸುತ್ತ ನಿಲ್ಲುವ ದೃಶ್ಯವು ಒಂದು ತಲೆಮಾರಿನ ನೆನಪಿನಲ್ಲಿ ಅಚ್ಚೊತ್ತಿದಂತಾಯಿತು. ಸರ್ಕಾರದ ಕೃಪಾಶ್ರಯದಲ್ಲಿ 1961ರಲ್ಲಿಯೇ ಹುಟ್ಟಿದ ರಾಷ್ಟ್ರೀಯ ಮಹಿಳಾ ಚಳವಳಿಯು ಅಂಚೆವೆಚ್ಚವಿಲ್ಲದ ತೆಳುಕಾಗದದ ವಾಯುಪತ್ರಗಳನ್ನು ಹಂಚಿತು. ಕಂಡರಿಯದ ಯೋಧನಿಗೆ ಪತ್ರ ಬರೆದು ಧೈರ್ಯ ತುಂಬುವ ‘ಯುದ್ಧದ ಧರ್ಮಮಾತೆ’ಯರನ್ನು ಊರೂರಿನಲ್ಲಿ ನೇಮಿಸಿತು. ಈ ಧರ್ಮಮಾತೆಯರಲ್ಲಿ ಹಲವರು ಆಮೇಲೆ ಆ ಯೋಧರ ಧರ್ಮಪತ್ನಿಯರೇ ಆದರೆಂಬುದು ಸರ್ಕಾರದ ಯೋಜನೆಯಲ್ಲಿ ಇದ್ದಿರಲಾರದು. ಪ್ರತಿವರ್ಷ ಜೂನ್ 10ರಂದು ಲಿಸ್ಬನ್ನಿನ ನದೀತೀರದ ಅರಮನೆ ಚೌಕದಲ್ಲಿ, ಕಪ್ಪುಡುಗೆಯ ವಿಧವೆಯರ, ಮುದಿ ತಂದೆಯರ, ಕೆಲವೊಮ್ಮೆ ಏನೂ ಅರಿಯದ ಕೂಸುಗಳ ಎದೆಗೆ ಸತ್ತವರ ಪದಕಗಳನ್ನು ಚುಚ್ಚುತ್ತಿದ್ದರು. ಆರಂಭದ ವರ್ಷಗಳಲ್ಲಿ ಮಗನ ಶವವನ್ನು ಊರಿಗೆ ತರಿಸಿಕೊಳ್ಳುವ ಖರ್ಚನ್ನು ಮನೆಯವರೇ ಹೊರಬೇಕಿತ್ತಾದ್ದರಿಂದ ಬಡವರ ಮಕ್ಕಳು ಬಿದ್ದಲ್ಲಿಯೇ ಮಣ್ಣಾದರು. ಪದಕವನ್ನು ಬಿಟ್ಟಿಯಾಗಿ ಕೊಟ್ಟು ಶವಕ್ಕೆ ಬೆಲೆ ಕಟ್ಟಿದ ರಾಜ್ಯದ ವಿಷಯದಲ್ಲಿ ಆ ತಂದೆತಾಯಿಗಳ ಮನಸ್ಸಿನಲ್ಲಿ ಏನಿತ್ತೆಂಬುದು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ.

ಬಂದದ್ದು ಗಡಿಯ ಕಾಡುದಾರಿಗಳಲ್ಲಿ. ಪಾಸ್‌ಪೋರ್ಟಿಲ್ಲದೆ ಸ್ಪೇನನ್ನು ಹಾದು, ಪಿರೆನೀಸ್ ಪರ್ವತವನ್ನು ದಾಟಿ, ಫ್ರಾನ್ಸನ್ನು ಸೇರುವ ಸಾಹಸಕ್ಕೆ ಜನರು ಇಟ್ಟ ಹೆಸರು ‘ಜಿಗಿತ’. ದಾರಿ ತೋರಿಸುವ ದಳ್ಳಾಳಿಗೂ ಹೊರಟವನಿಗೂ ನಡುವಣ ಕರಾರು ಒಂದು ಭಾವಚಿತ್ರದಲ್ಲಿರುತ್ತಿತ್ತು: ಅದನ್ನು ಎರಡಾಗಿ ಹರಿದು, ಒಂದು ತುಂಡನ್ನು ಮನೆಯಲ್ಲಿ ಬಿಟ್ಟು, ಇನ್ನೊಂದನ್ನು ಹೊರಟವನು ಒಯ್ಯುತ್ತಿದ್ದನು, ಅವನು ಕ್ಷೇಮವಾಗಿ ತಲಪಿ ಕಳುಹಿಸಿದ ತುಂಡು ಮನೆಯ ತುಂಡಿನೊಡನೆ ಕೂಡಿಕೊಂಡಾಗ ಮಾತ್ರ ದಳ್ಳಾಳಿಗೆ ಉಳಿದ ಹಣ. 1970ರ ದಶಕದ ಆರಂಭಕ್ಕೆ ಫ್ರಾನ್ಸಿನಲ್ಲಿ ಸುಮಾರು 7 ಲಕ್ಷ ಪೋರ್ಚುಗೀಸರಿದ್ದರು. ಪ್ಯಾರಿಸ್ಸಿನ ಹೊರವಲಯದ ಶಾಂಪಿನ್ಯಿಯ ಕೆಸರಿನಲ್ಲಿ ತಗಡು, ಹಲಗೆಗಳ ಕೇರಿಯೇ ಎದ್ದಿತು. ಇವರೆಲ್ಲರೂ ಯುದ್ಧಕ್ಕೆ ಬೆನ್ನುಕೊಟ್ಟವರೆಂದರೆ ಅತಿಶಯೋಕ್ತಿಯಾದೀತು. ಹಸಿವು ಯುದ್ಧಕ್ಕಿಂತ ಹಳೆಯ ಕಾರಣ. ಆದರೆ ಸೈನ್ಯದ ತಪಾಸಣೆಗೆ ಹಾಜರಾಗದ ಯುವಕರ ಪ್ರಮಾಣವು ಆ ವೇಳೆಗೆ ಐವರಲ್ಲಿ ಒಬ್ಬನೆಂಬಷ್ಟಕ್ಕೆ ಏರಿತ್ತೆಂಬುದನ್ನು ಕೇವಲ ಹಸಿವಿನಿಂದ ವಿವರಿಸಲಾಗದು. ಇದಕ್ಕಿಂತಲೂ ವಿಪರ್ಯಾಸವೆಂದರೆ, ಈ ಓಡಿಹೋದವರು ಮನೆಗೆ ಕಳುಹಿಸಿದ ಫ್ರಾಂಕುಗಳೇ ದೇಶದ ವಿದೇಶೀ ವಿನಿಮಯದ ದೊಡ್ಡ ಆಸರೆಯಾಗಿ, ಅವರು ಯಾವುದನ್ನು ತೊರೆದು ಹೋದರೋ ಆ ಯುದ್ಧವನ್ನೇ ಪೋಷಿಸಿದುವು.

1968ರಲ್ಲಿ ಸಾಲಾಜಾರನು ಅಸ್ವಸ್ಥನಾಗಿ ಕಯೆಟಾನು ಪ್ರಧಾನಿಯಾದ ಮೇಲೂ ನೀತಿ ಬದಲಾಗಲಿಲ್ಲ. 1972ರ ಡಿಸೆಂಬರ್ ಅಂತ್ಯದಲ್ಲಿ ಲಿಸ್ಬನ್ನಿನ ರಾತು ಪ್ರಾರ್ಥನಾಮಂದಿರದಲ್ಲಿ ಶಾಂತಿಗಾಗಿ ಕುಳಿತ ಕ್ಯಾಥೊಲಿಕರನ್ನು ಪೊಲೀಸರು ಎಬ್ಬಿಸಿ ಒಯ್ದರು. ಅವರಲ್ಲಿ ಸರ್ಕಾರಿ ನೌಕರರಾಗಿದ್ದವರು ಕೆಲಸ ಕಳೆದುಕೊಂಡರು. ಆ ತಿಂಗಳಲ್ಲಿಯೇ ಮೊಜಾಂಬಿಕ್ಕಿನ ವಿರಿಯಾಮು ಗ್ರಾಮದಲ್ಲಿ ನಡೆದ ಕಗ್ಗೊಲೆಯ ವೃತ್ತಾಂತವನ್ನು ಜಗತ್ತು ತಿಳಿದದ್ದು 1973ರ ಜುಲೈಯಲ್ಲಿ, ಲಂಡನ್ನಿನ ಟೈಮ್ಸ್ ಪತ್ರಿಕೆಯ ಮುಖಾಂತರ.

ಆದರೂ ಪ್ರಭುತ್ವವನ್ನು ಉರುಳಿಸಿದ್ದು ಈ ನೈತಿಕ ಕ್ಷೋಭೆಯಲ್ಲ. ಸೇನಾ ವಿದ್ಯಾಲಯಕ್ಕೆ ಸೇರುವವರೇ ಇಲ್ಲದಂತಾದಾಗ, ಕಡ್ಡಾಯ ಸೇವೆಯಿಂದ ಬಂದ ಕ್ಯಾಪ್ಟನ್ನರು ಅಲ್ಪಕಾಲದ ಶಿಕ್ಷಣ ಪಡೆದು ಕಾಯಂ ಅಧಿಕಾರಿಗಳನ್ನು ಜ್ಯೇಷ್ಠತೆಯಲ್ಲಿ ಹಿಂದೆ ಹಾಕಬಹುದೆಂಬ ಕಟ್ಟಳೆಯನ್ನು 1973ರ ಜುಲೈಯಲ್ಲಿ ಸರ್ಕಾರ ಹೊರಡಿಸಿತು. ಕ್ಯಾಪ್ಟನ್ನರ ಚಳವಳಿ ಹುಟ್ಟಿದ್ದು ಈ ಬಡ್ತಿಯ ಜಗಳದಿಂದ. ಕ್ಷುದ್ರವೆನ್ನಬಹುದಾದ ಈ ಕಾರಣವನ್ನು ಮರೆಮಾಚುವ ವೀರಗಾಥೆಗಳನ್ನು ನಾನು ಒಪ್ಪಲಾರೆ. ಆದರೆ ಆ ಜಗಳದ ಹಿಂದೆ ಗೋವೆಯ ನೆರಳಿತ್ತೆಂಬುದನ್ನೂ ಮರೆಯಲಾಗದು: ಗಿನಿಯಲ್ಲಿ ವಿರೋಧಿಗಳ ಕೈಗೆ ಕ್ಷಿಪಣಿಗಳು ಬಂದು, ಆಕಾಶವೂ ಕೈತಪ್ಪತೊಡಗಿದಾಗ, ಮುಂದಿನ ಪರಾಜಯಕ್ಕೆ ವಸ್ಸಾಲು ಇ ಸಿಲ್ವಾನಂತೆ ತಾವೇ ಹೊಣೆಗಾರರಾಗುವೆವೆಂದು ಅಧಿಕಾರಿಗಳು ಬೆದರಿದರು. 1974ರ ಫೆಬ್ರವರಿಯಲ್ಲಿ, ಗಿನಿಯ ಗವರ್ನರನಾಗಿದ್ದ ಜನರಲ್ ಸ್ಪಿನೊಲನೇ, ಸೈನಿಕ ವಿಜಯವು ಅಸಾಧ್ಯವೆಂದು ಗ್ರಂಥಮುಖೇನ ಸಾರಿದನು.

ಏಪ್ರಿಲ್ 25ರ ಬೆಳಗ್ಗೆ ಸಾಂತಾರೆಮಿನಿಂದ ಬಂದ ಕ್ಯಾಪ್ಟನ್ ಸಲ್ಗೇರು ಮಾಯಿಯನ ರಣರಥಗಳು ನಿಂತದ್ದು, ವಿಧವೆಯರಿಗೆ ಪದಕ ಚುಚ್ಚುತ್ತಿದ್ದ ಅದೇ ಚೌಕದಲ್ಲಿ. ಮನೆಯಿಂದ ಹೊರಗೆ ಬರಬೇಡಿರೆಂದು ಬಂಡೆದ್ದ ಸೇನೆಯೇ ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳಿಕೊಂಡರೂ ಜನರು ಲೆಕ್ಕಿಸದೆ ಬೀದಿಗಿಳಿದು, ಸೈನಿಕರ ಬಂದೂಕಿನ ಬಾಯಿಗೆ ಕಾರ್ನೇಷನ್ ಹೂವನ್ನಿಟ್ಟರು. ವಸ್ಸಾಲು ಇ ಸಿಲ್ವಾನಿಗೆ ಅವನ ಪದವಿ ಮರಳಿ ಬಂದಿತು. ಅದೇ ವರ್ಷದ ಡಿಸೆಂಬರ್ 31ರಂದು ಗೋವೆಯ ಮೇಲಣ ಭಾರತದ ಪ್ರಭುತ್ವವನ್ನು ಪೋರ್ಚುಗಲ್ ಒಪ್ಪಿಕೊಂಡಿತು. 1975ರ ನವೆಂಬರ್ 11ರಂದು ಅಂಗೋಲವು ಸ್ವತಂತ್ರವಾಗುವ ವೇಳೆಗೆ ಲಕ್ಷಾಂತರ ನೆಲಸಿಗರು ಲಿಸ್ಬನ್ನಿಗೆ ಮರಳುತ್ತಿದ್ದರು. ಹೆಸರು ಬರೆದ ಅವರ ಮರದ ಪೆಟ್ಟಿಗೆಗಳು, ನಾವಿಕರ ಕೀರ್ತಿಗೆಂದು 1960ರಲ್ಲಿ ಬೆಲೆಮಿನ ನದೀತೀರದಲ್ಲಿ ಎತ್ತಿದ ಅನ್ವೇಷಣೆಗಳ ಸ್ಮಾರಕದ ಬುಡದ ಸುತ್ತ ರಾಶಿಬಿದ್ದು, ಒಡೆಯರ ದಾರಿ ಕಾಯುತ್ತಿದ್ದುವು.