ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು: ಸ್ಥಳೀಯ ತೆರಿಗೆ, ಭೂಹಕ್ಕು ಮತ್ತು ನ್ಯಾಯದಾನದಲ್ಲಿ ನಾಗರಿಕರ ಪಾತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ಬೆಳಗಾವಿ ಜಿಲ್ಲೆಯ ಘಟಪ್ರಭಾ ಕೊಳ್ಳದ ತಾಲ್ಲೂಕುಗಳು. ಮೂಡಲಗಿ 2018ರವರೆಗೆ ಗೋಕಾಕ ತಾಲ್ಲೂಕಿನ ಭಾಗವಾಗಿತ್ತು. ಮೂರೂ ಹಳೆಯ ಮುಂಬಯಿ ಇಲಾಖೆಗೆ ಸೇರಿದ್ದವು. ಹೀಗಾಗಿ ಇಲ್ಲಿನ ಜಮೀನು ಮತ್ತು ಪಟ್ಟಿಯ ವ್ಯವಹಾರ, ಅದಕ್ಕೆ ಬಳಸುವ ಮಾತು, ಕಾಗದಪತ್ರಗಳ ರೂಪ ಎಲ್ಲವೂ ಹಳೆಯ ಮೈಸೂರಿನದಕ್ಕಿಂತ ಬೇರೆ. ಹಕ್ಕಿನ ದಾಖಲೆ ಬರೆಯುವ ಹೊತ್ತಿನಲ್ಲಿ ಇಲ್ಲಿನ ಜನರ ಮಾತಿಗೆ ಕಾನೂನು ಸಾಕಷ್ಟು ಜಾಗ ಕೊಟ್ಟಿದೆ. ತೆರಿಗೆಯ ದರ ಕಟ್ಟುವಲ್ಲಿ ಆ ಜಾಗ ಕಿರಿದು, ನ್ಯಾಯಾಧೀಶರನ್ನು ಆರಿಸುವಲ್ಲಿ ಇಲ್ಲವೇ ಇಲ್ಲ. ಸಾಮಾನ್ಯರನ್ನೇ ನ್ಯಾಯಪೀಠಕ್ಕೆ ತಂದ 1974ರ ಭೂ ನ್ಯಾಯಮಂಡಳಿಗಳು ಮಾತ್ರ ಒಂದು ದೊಡ್ಡ ಅಪವಾದ. ಈ ಲೇಖನದ ಅತಿ ಉದ್ದದ ಭಾಗ ಅವಕ್ಕೆ ಮೀಸಲಾಗಿದೆ.

ಹಿನ್ನೆಲೆ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಹಂತಹಂತವಾಗಿ ಕಂಪನಿಯ ಕೈಸೇರಿತು. 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನಡೆದ ಮೋಜಣಿಯಿಂದ ಪ್ರತಿ ಹೊಲಕ್ಕೂ ಸರ್ವೆ ನಂಬರು, ಅದರ ಮೇಲೆ ಆಕಾರ ಬಂತು. ಇಂದಿಗೂ ಖರೀದಿ ಪತ್ರಗಳಲ್ಲಿ ‘ರಿ.ಸ.ನಂ.’ ಎಂದು ಬರೆಯುವುದು ಪುನರ್ ಮೋಜಣಿಯ ಗುರುತು. ಊರಿನಲ್ಲಿ ಫಾಳಾ (ಭೂಕಂದಾಯ) ವಸೂಲಿ ಮಾಡುವ ಹಕ್ಕು ವತನದಾರರಾದ ಪಾಟೀಲ, ಕುಲಕರ್ಣಿಗಳದ್ದಾಗಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಆ ವಂಶಪಾರಂಪರ್ಯವನ್ನು ಮುಗಿಸಿತು.

ಉತಾರದಲ್ಲಿ ಜನರ ಕೈ

ಮುಂಬಯಿ ಸರಕಾರ 1903ರಲ್ಲಿ ಹಕ್ಕುದಾಖಲೆ ಕಾಯ್ದೆ ತಂದಿತು. ಅದುವರೆಗೆ ಸರಕಾರಕ್ಕೆ ಬೇಕಾಗಿದ್ದುದು ಫಾಳಾ ಕಟ್ಟುವವನ ಹೆಸರು ಮಾತ್ರ. ಆ ಮೇಲೆ ಹೊಲದಲ್ಲಿ ಯಾರಿಗೆ ಯಾವ ಹಕ್ಕಿದೆ ಎಂಬುದನ್ನೂ ಬರೆದಿಡಬೇಕಾಯಿತು. ಈಗಿನ ಆಧಾರ 1964ರ ಭೂಕಂದಾಯ ಕಾಯ್ದೆ. ಮೈಸೂರು ಕಡೆ ಪಹಣಿ ಎನ್ನುವುದಕ್ಕೆ ಇಲ್ಲಿಯವರು ಉತಾರ ಎನ್ನುತ್ತಾರೆ. 9ನೆಯ ಕಾಲಮಿನಲ್ಲಿ ಮಾಲೀಕನ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಸೊಸಾಯಿಟಿ ಸಾಲದ ಬೋಜಾ, 12ರಲ್ಲಿ ಉಳುವವನ ಹೆಸರು ಮತ್ತು ಬೆಳೆ.

ಹಿರಿಯರು ತೀರಿಕೊಂಡರೆ ವಾರಸಾ ವರದಿ ಕೊಡಬೇಕು. ಅಣ್ಣತಮ್ಮಂದಿರು ಬೇರೆಯಾದರೆ ವಾಟ್ನಿ ವರದಿ. ವರದಿ ಬಂದ ಮೇಲೆ ಚಾವಡಿಯಲ್ಲಿ ನೋಟಿಸು ಹಚ್ಚಿ, ಸಂಬಂಧಪಟ್ಟವರಿಗೆ ತಿಳಿಸಿ, ತಕರಾರು ಬಂದರೆ ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ವಿಚಾರಣೆ ಮಾಡಬೇಕೆಂಬುದು ಕಾಯ್ದೆಯ ಕಟ್ಟಳೆ. ಊರಿನ ಯಾವ ಹಿತಾಸಕ್ತ ವ್ಯಕ್ತಿಯೂ ಒಂದು ಬಿಳಿ ಹಾಳೆಯ ಮೇಲೆ ತಕರಾರು ಬರೆದು ನೋಂದಣಿಯನ್ನು ತಡೆಯಬಹುದು. ಹೆಣ್ಣುಮಕ್ಕಳಿಗೆ ಇದರ ಬೆಲೆ ದೊಡ್ಡದು. 1994ರ ಕರ್ನಾಟಕ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಟ್ಟಿವೆಯಾದರೂ, ವಾರಸಾ ಹೊತ್ತಿಗೆ ಅಕ್ಕತಂಗಿಯರಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಗಟ್ಟಿಯಾಗಿಯೇ ಉಳಿದಿದೆ. ನೋಟಿಸು ಅವಳ ಕೈಗೆ ತಲುಪುವುದೇ ಅವಳ ಪಾಲಿಗೆ ಕೊನೆಯ ತಡೆ.

ಭೂಮಿ ಯೋಜನೆ 2000ದ ಸುಮಾರಿಗೆ ಕೈಬರಹದ ಉತಾರವನ್ನು ಗಣಕಕ್ಕೆ ಏರಿಸಿತು. ತಲಾಠಿಯ (ಗ್ರಾಮ ಲೆಕ್ಕಿಗನ) ಮನೆ ಬಾಗಿಲು ಕಾಯುವ ಕಷ್ಟ ಬಹಳಷ್ಟು ತಪ್ಪಿತು, ಇದು ನಿಜವಾದ ಲಾಭ. ಆದರೆ ಮೊದಲು 30 ದಿನವಿದ್ದ ತಕರಾರಿನ ಅವಧಿ ಇತ್ತೀಚೆಗೆ ಕಡಿಮೆಯಾಗಿದ್ದು, ನೋಂದಣಿ ಕಚೇರಿಯಿಂದ ಮಾಹಿತಿ ನೇರವಾಗಿ ತಹಶೀಲ್ದಾರ ಕಚೇರಿಗೆ ಹೋಗುತ್ತದೆ. ಚಾವಡಿ ಗೋಡೆಯ ಮೇಲಿನ ಚೀಟಿ ಊರವರ ಕಣ್ಣಿಗೆ ಬೀಳುವ ಸಂದರ್ಭ ಕುಗ್ಗಿದೆ. ತಹಶೀಲ್ದಾರರ ಆದೇಶದ ಮೇಲೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ. ಗೋಕಾಕ ಸೀಮೆಯವರು ಇದಕ್ಕಾಗಿ ಬೈಲಹೊಂಗಲಕ್ಕೆ ಹೋಗಬೇಕು.

ಕುಳಗಳು ಮತ್ತು ತಪ್ಪಿಹೋದ 1957

ಮುಂಬಯಿ ರಾಜ್ಯದ 1948ರ ಗೇಣಿ ಕಾಯ್ದೆ ಸಂರಕ್ಷಿತ ಕುಳಗಳಿಗೆ (ಗೇಣಿದಾರರಿಗೆ) ರಕ್ಷಣೆ ಕೊಟ್ಟಿತ್ತು. ಅದರ ತಿದ್ದುಪಡಿಯಂತೆ 1957ರ ಏಪ್ರಿಲ್ 1 ‘ಉಳುವವನ ದಿನ’ವಾಗಿ, ಅಂದು ಕುಳ ತಾನಾಗಿಯೇ ಖರೀದಿದಾರನಾಗಬೇಕಿತ್ತು. ಅಷ್ಟರಲ್ಲಿ, ಅಂದರೆ 1956ರ ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ತರುವ ಉದ್ದೇಶದಿಂದ ಮೈಸೂರು ಸರಕಾರ 1957ರಲ್ಲಿ ಆ ಮುಖ್ಯ ಕಲಮುಗಳನ್ನು ತಡೆಹಿಡಿಯಿತು. ಗಡಿಯಾಚೆಯ ಕೊಲ್ಹಾಪುರದ ಕುಳಕ್ಕೆ ಸಿಕ್ಕ ಹಕ್ಕು ಹುಕ್ಕೇರಿಯ ಕುಳಕ್ಕೆ ಐದು ತಿಂಗಳ ಅಂತರದಲ್ಲಿ ಕೈತಪ್ಪಿತು. 1961ರ ಭೂಸುಧಾರಣೆ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ, ಮಾಲೀಕ ಸ್ವಂತ ಸಾಗುವಳಿಗೆಂದು ಹೊಲ ಮರಳಿ ಪಡೆಯಲು ಅದರಲ್ಲಿ ದಾರಿಗಳಿದ್ದವು. 1974ರವರೆಗಿನ ಈ ಹದಿನೇಳು ವರ್ಷಗಳ ಕಾಯುವಿಕೆಯಲ್ಲಿ ಲಾವಣಿಯ (ಗೇಣಿಯ) ಕಾಗದ ಬಾಯಿಮಾತಿಗೆ ಇಳಿಯಿತು, ಪಾಲಿಗೆ ಮಾಡುವವನನ್ನು ವರ್ಷಕ್ಕೊಮ್ಮೆ ಬದಲಿಸುವ ಚಾಳಿ ಬೆಳೆಯಿತು. ಏಕೀಕರಣದ ಚರಿತ್ರೆಗಳು ಈ ನಷ್ಟಕ್ಕೆ ತಕ್ಕ ಗಮನ ಕೊಟ್ಟಿಲ್ಲ.

ಭೂ ನ್ಯಾಯಮಂಡಳಿ

ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಅರ್ಜಿಯ ಗಡುವನ್ನು ಕೊನೆಗೆ 1979ರ ಜೂನ್ 30ರವರೆಗೆ ಚಾಚಲಾಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಅರ್ಜಿ ತೀರ್ಮಾನಿಸುವ ಕೆಲಸವನ್ನು ಸಿವಿಲ್ ಕೋರ್ಟಿನಿಂದ ಬಿಡಿಸಿ ತಾಲ್ಲೂಕು ಮಟ್ಟದ ಮಂಡಳಿಗೆ ಒಪ್ಪಿಸಿದ್ದು ಈ ಕಾಯ್ದೆಯ ಜೀವಾಳ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಅವರೊಂದಿಗೆ ಸರಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾನೂನು ಓದಿರಬೇಕೆಂಬ ನಿಯಮ ಸದಸ್ಯರಿಗೆ ಇರಲಿಲ್ಲ. ಅಧ್ಯಕ್ಷರ ಮತಕ್ಕೆ ವಿರುದ್ಧವಾಗಿ ಸದಸ್ಯರ ಬಹುಮತದ ತೀರ್ಪು ಬರಬಹುದಿತ್ತು, ಬಂದದ್ದೂ ಉಂಟು. ವಕೀಲರು ಮಂಡಳಿಯ ಮುಂದೆ ನಿಲ್ಲುವಂತಿರಲಿಲ್ಲ. ಕಾಗದ ತೋರಿಸಿ ವಾದಿಸಬಲ್ಲ ಮಾಲೀಕನೂ ಹೆಬ್ಬೆಟ್ಟು ಒತ್ತುವ ಕುಳವೂ ಅಲ್ಲಿ ತಮ್ಮ ಬಾಯಿಂದಲೇ ಮಾತಾಡಬೇಕೆಂಬುದು ಈ ನಿರ್ಬಂಧದ ಹಿಂದಿನ ಆಶಯ. 1987ರಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಅಸಿಂಧುಗೊಳಿಸಿತು. ಅಷ್ಟರಲ್ಲಿ ಮುಖ್ಯ ಪ್ರಕರಣಗಳು ಬಹುಪಾಲು ಮುಗಿದಿದ್ದವು.

ವಿಚಾರಣೆಯ ಗುಂಡಿಗೆ ಇದ್ದದ್ದು ಉತಾರದ 12ನೆಯ ಕಾಲಮಿನಲ್ಲಿ. 1974ರ ಹಿಂದುಮುಂದಿನ ಸಾಲುಗಳಲ್ಲಿ ಕುಳದ ಹೆಸರಿದ್ದರೆ ದಾವೆ ಅರ್ಧ ಗೆದ್ದಂತೆ, ಏಕೆಂದರೆ ಅದು ನಿಜವಲ್ಲವೆಂದು ಸಾಬೀತು ಮಾಡುವ ಹೊರೆ ಎದುರಾಳಿಯದು. ಹೆಸರಿಲ್ಲದಿದ್ದರೆ ಬಾಜೂ ಹೊಲದವರ ಹೇಳಿಕೆ, ಕಾಳು ಅಳೆದುಕೊಟ್ಟಿದ್ದಕ್ಕೆ ಸಿಕ್ಕ ಚೀಟಿ, ಸ್ಥಳ ಪಂಚನಾಮೆ ಇವುಗಳ ಮೇಲೆ ನಿಲ್ಲಬೇಕು. ಎತ್ತು ಯಾರದು, ಬಿತ್ತನೆ ಬೀಜ ಯಾರ ಮನೆಯಿಂದ ಬಂತು ಎಂಬ ಪ್ರಶ್ನೆಗೆ ಒಕ್ಕಲುತನ ಮಾಡಿ ಬಲ್ಲ ಸದಸ್ಯ ಕೇಳುವ ಮರುಪ್ರಶ್ನೆಯ ಮೊನೆ ಬೇರೆಯೇ. ಈ ಕಾರಣಕ್ಕೆ ಸಾಮಾನ್ಯರನ್ನು ನ್ಯಾಯಪೀಠಕ್ಕೆ ತಂದದ್ದು ಸರಿಯಾದ ನಿರ್ಧಾರವಾಗಿತ್ತು ಎಂದೇ ಹೇಳಬೇಕಾಗುತ್ತದೆ.

ಕುಂದುಗಳೂ ಸಣ್ಣವಲ್ಲ. ಸದಸ್ಯರನ್ನು ಜನ ಆರಿಸಲಿಲ್ಲ, ಹೈಕೋರ್ಟೂ ಆರಿಸಲಿಲ್ಲ. ಆಳುವ ಪಕ್ಷಕ್ಕೆ ಹತ್ತಿರದವರಿಗೆ ಸ್ಥಾನ ಸಿಗುವ ದಾರಿ ತೆರೆದೇ ಇತ್ತು. ಮೊದಮೊದಲು ಮಂಡಳಿಯ ತೀರ್ಪಿಗೆ ಮೇಲ್ಮನವಿಯೇ ಇರಲಿಲ್ಲ. ಸೋತವರು ರಿಟ್ ಅರ್ಜಿ ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು, ಅದು ಮಾಲೀಕನ ಕೈಗೆ ಎಟಕುತ್ತಿತ್ತು, ಕುಳಕ್ಕೆ ಎಟಕುತ್ತಿರಲಿಲ್ಲ. 1986ರಲ್ಲಿ ಜಿಲ್ಲಾ ಮಟ್ಟದ ಮೇಲ್ಮನವಿ ಪ್ರಾಧಿಕಾರ ಬಂತು, ಕೆಲವೇ ವರ್ಷಗಳಲ್ಲಿ ರದ್ದಾಯಿತು. ಕಾರಣ ಬರೆಯದ ತೀರ್ಪುಗಳನ್ನು ಹೈಕೋರ್ಟ್ ಮರುವಿಚಾರಣೆಗೆ ಹಿಂದಕ್ಕೆ ಕಳಿಸಿದ್ದರಿಂದ ಕೆಲವು ಪ್ರಕರಣಗಳು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬಂದಿವೆ.

ತೆರಿಗೆ

ಮನಿಪಟ್ಟಿ, ನೀರಪಟ್ಟಿಗಳ ವಿಷಯದಲ್ಲಿ ಹಳ್ಳಿಯವರಿಗೂ ಪೇಟೆಯವರಿಗೂ ಸಿಗುವ ಅವಕಾಶ ಒಂದೇ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿ ಕರ ವಿಧಿಸುತ್ತದೆ. ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಜನ ಲೆಕ್ಕ ಕೇಳಬಹುದು. ಗೋಕಾಕ ನಗರಸಭೆ, ಹುಕ್ಕೇರಿ, ಸಂಕೇಶ್ವರ, ಮೂಡಲಗಿ ಪುರಸಭೆಗಳಲ್ಲಿ ಅಂಥ ಸಭೆ ಇಲ್ಲ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿದ್ದ ಊರುಗಳಿಗೆ. ಗೋಕಾಕ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 79 ಸಾವಿರ. ಹೊಸ ತೆರಿಗೆ ಹಾಕುವ ಮುನ್ನ ಲಿಖಿತ ಆಕ್ಷೇಪಣೆ ಕೇಳಬೇಕೆಂದು 1964ರ ಪೌರಸಭೆಗಳ ಕಾಯ್ದೆ ಹೇಳುತ್ತದೆ, ಆದರೆ ದರದ ಮಿತಿ ಮತ್ತು ಲೆಕ್ಕದ ಸೂತ್ರ ರಾಜಧಾನಿಯಲ್ಲಿ ತಯಾರಾಗುತ್ತವೆ. ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿಯಲ್ಲಿ ಮಾಲೀಕ ತಾನೇ ಅಳತೆ ಬರೆದು ತುಂಬುತ್ತಾನೆ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಇದು ಅನುಕೂಲವೇ ಹೊರತು ತೀರ್ಮಾನದಲ್ಲಿ ಪಾಲಲ್ಲ.

ಕರದ ವಿರುದ್ಧ ಈ ಭಾಗದ ರೈತರು ದೊಡ್ಡ ದನಿಯಲ್ಲಿ ಮಾತಾಡಿದ್ದು ಮಲಪ್ರಭಾ ಅಚ್ಚುಕಟ್ಟಿನಲ್ಲಿ. ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಕೇಳಿದಾಗ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಬಂಡಾಯವೆದ್ದು ಗೋಲಿಬಾರಿನಲ್ಲಿ ರೈತರು ಸತ್ತರು. ಘಟಪ್ರಭೆಯ ಹಿಡಕಲ್ ಜಲಾಶಯದ ಅಚ್ಚುಕಟ್ಟಿನವರಿಗೂ ಅದೇ ಕರದ ಕಾಯ್ದೆ ಅನ್ವಯಿಸುತ್ತಿತ್ತು. ಕಾಯ್ದೆಯ ಆಕ್ಷೇಪಣಾ ಅರ್ಜಿಯಿಂದ ಆಗದ ಕೆಲಸ ಬೀದಿಗಿಳಿದಾಗ ಆದದ್ದು ಈ ಅಧ್ಯಾಯದ ನೋವಿನ ಸಂಗತಿ.

ನ್ಯಾಯಾಧೀಶರ ನೇಮಕ

ಮೂರೂ ತಾಲ್ಲೂಕುಗಳಲ್ಲಿ ಸಿವಿಲ್ ನ್ಯಾಯಾಲಯಗಳಿವೆ. ಗೋಕಾಕದಲ್ಲಿ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರೂ ಕೂಡುತ್ತಾರೆ. ಸಂವಿಧಾನದ 233, 234ನೆಯ ವಿಧಿಗಳಂತೆ ಅವರ ಆಯ್ಕೆ ಹೈಕೋರ್ಟಿನ ಹೊಣೆ. ಸೆಷನ್ಸ್ ವಿಚಾರಣೆಗಳಲ್ಲಿ ಊರ ಪ್ರಮುಖರು ಅಸೆಸರುಗಳಾಗಿ ಕೂಡುತ್ತಿದ್ದ ಪದ್ಧತಿ 1955ರ ತಿದ್ದುಪಡಿಯಿಂದ ನಿಂತಿತು. ಉನ್ನತ ನ್ಯಾಯಾಲಯಗಳ ನೇಮಕದಲ್ಲಿ ಇಬ್ಬರು ಗಣ್ಯ ನಾಗರಿಕರಿಗೆ ಸ್ಥಾನ ಕೊಟ್ಟಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್ 16ರಂದು ರದ್ದುಪಡಿಸಿತು. ಈಗ ಸಾಮಾನ್ಯನೊಬ್ಬ ಪೀಠದಲ್ಲಿ ಕೂಡಬಹುದಾದ ಜಾಗಗಳಲ್ಲಿ ಒಂದು ಲೋಕ ಅದಾಲತ್. ಅಲ್ಲಿಯೂ ರಾಜಿ ಮಾಡಿಸಬಹುದು, ತೀರ್ಪು ಹೇಳುವಂತಿಲ್ಲ.

ಯಾರು ನ್ಯಾಯಾಧೀಶರಾಗಬೇಕು ಎಂಬುದರಲ್ಲಿ ಮಾತಿಲ್ಲದ ಜನ, ನ್ಯಾಯಾಲಯ, ತಾಲ್ಲೂಕು ಕಚೇರಿಗಳು ಎಲ್ಲಿರಬೇಕು ಎಂಬುದರಲ್ಲಿ ಮಾತ್ರ ಪಟ್ಟು ಹಿಡಿದು ಗೆದ್ದಿದ್ದಾರೆ. ಉತ್ತರ ಕರ್ನಾಟಕದ ವಕೀಲರು ಮತ್ತು ಸಂಘಟನೆಗಳ ದೀರ್ಘ ಹೋರಾಟದಿಂದ 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಮೂಡಲಗಿಯವರು 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ತಮ್ಮ ಊರು ಬಿಟ್ಟುಹೋದಾಗ ಧರಣಿ ಕೂತು ಅದನ್ನು ಸೇರಿಸಿಕೊಂಡರು. ಗೋಕಾಕವನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಇನ್ನೂ ಈಡೇರಿಲ್ಲ.

ದಾಖಲೆಗಳು

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಗಣಕೀಕರಿಸುವ ಭೂ ಸುರಕ್ಷಾ ಯೋಜನೆ ರಾಜ್ಯದಲ್ಲಿ ನಡೆದಿದೆ. ಭೂ ನ್ಯಾಯಮಂಡಳಿಯ ಕಡತಗಳು ಆಸ್ತಿಯ ಪುರಾವೆ. ಜೊತೆಗೆ ಕುಳಗಳು, ಮಾಲೀಕರು, ಬಾಜೂ ಹೊಲದವರು ತಮ್ಮ ಮಾತಿನಲ್ಲಿ ಕೊಟ್ಟ ಹೇಳಿಕೆಗಳಿರುವ ಅಪರೂಪದ ಸರಕಾರಿ ದಾಖಲೆಯೂ ಹೌದು. ನಮೂನೆ 7ರ ಅರ್ಜಿ ಮತ್ತು ಅಂತಿಮ ಆದೇಶದ ಹಾಳೆಗಳ ಜೊತೆಗೆ ಆ ಹೇಳಿಕೆಗಳನ್ನೂ ಬಿಡದೆ ಸ್ಕ್ಯಾನ್ ಮಾಡಿಸಬೇಕು. ಕಾಗದ ಮುರಿಯುವ ಮೊದಲೇ ಈ ಕೆಲಸ ಆಗಬೇಕು.