ಬಣವಿ ಮಾರೋಕಿಂತ ಮೊದಲು 1876ರ ಬರ ನೆನಸ್ರಿ

2022ರಾಗ ಮಳಿ ಚಲೋ ಆತು. ಮೇವು ಹೆಚ್ಚಾಗೇತಿ ಅಂತ ಖಾನಾಪುರ ಕಡೆ ಹೊಲದಾಗಿನ ಒಂದು ಬಣವಿ ಮಾರಿದೆ. 2023ರಾಗ ಎಲ್ ನಿನೊ ಬಂತು. ರಾಜ್ಯದ 236 ತಾಲೂಕಿನೊಳಗ 223 ಬರಪೀಡಿತ ಅಂತ ಘೋಷಣೆ ಆದವು. ಮಾರಿದ್ದಕ್ಕಿಂತ ಹೆಚ್ಚು ರೊಕ್ಕ ಕೊಟ್ಟು ಹುಲ್ಲು ಕೊಂಡೆ. ನೆಹರು ನಗರದ ಮನ್ಯಾಗ ಕುಂತು ಲೆಕ್ಕ ಬರೀವಾಗ ನಮ್ಮ ಭಾಗದ ಹಳೇ ಬರಗಳು ನೆನಪಾದವು.

ನಮ್ಮ ಜಿಲ್ಲೆ ನೋಡ್ರಿ: ಮೂಡಲದ ಅಥಣಿಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಪಡುವಲದ ಖಾನಾಪುರದಲ್ಲಿ ಅದರ ಎರಡೂವರೆ-ಮೂರು ಪಟ್ಟು. ಬಯಲಿನ ಹುಲ್ಲು ಗಿಡ್ಡ, ಆದ್ರ ಸತ್ವ ಜಾಸ್ತಿ. ಮಲೆನಾಡಿನ ಹುಲ್ಲು ಎತ್ತರ, ಆದ್ರ ಮಳೆಗಾಲ ಮುಗಿದ ಮ್ಯಾಲೆ ಬಲಿತು ಸತ್ವ ಕಳಕೊಳ್ತದ. ಹಂಗಾಗಿ ಬಯಲಿನವರಿಗೆ ಘಟ್ಟ ಅಂದ್ರ ಕಷ್ಟಕಾಲದ ಆಸರೆ.

1876ರಲ್ಲಿ ದಖ್ಖನದಲ್ಲಿ ಮಳೆ ಕೈಕೊಟ್ಟಿತು. 1877ರ ಮುಂಗಾರೂ ಸರಿಯಾಗಿ ಬರಲಿಲ್ಲ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಮೊದಲು ಮೇವು ಹೋಯ್ತು, ಆಮೇಲೆ ದನ ಹೋದವು. ಜನ ದನಗಳನ್ನ ಘಟ್ಟದ ಕಾಡಿನತ್ತ ಹೊಡೆದರು. ಬಡಕಲಾದ ದನಗಳು ಅಷ್ಟು ದೂರ ನಡೆದು, ಬಲಿತ ಹುಲ್ಲು ತಿಂದು ಬದುಕೋದು ಕಷ್ಟ ಇತ್ತು. ಕಡೆಗೆ ಮಳೆ ಬಂದಾಗ ಹೂಡಲಿಕ್ಕೆ ಎತ್ತಿಲ್ಲದೆ ಹೊಲ ಬೀಳುಬಿದ್ದವು. ಮಳಿ ಬಂದ ದಿನಕ್ಕ ಬರ ಮುಗಿಯೂದಿಲ್ಲ ಅನ್ನೋದು ಇದಕ್ಕ.

ಆಗ ಕಾರಣ ಗೊತ್ತಿರಲಿಲ್ಲ. ಮುಂದೆ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮಳೆಯ ಮುನ್ಸೂಚನೆ ಹುಡುಕುತ್ತ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ಗಾಳಿಯ ಒತ್ತಡ ತಕ್ಕಡಿ ಹಂಗ ತೂಗ್ತದ ಅಂತ ಗುರುತಿಸಿದ. ಎಲ್ ನಿನೊ ಈ ತೂಗಾಟದ ಒಂದು ಕಡೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಬರ್ತದ. 1877, 1972, 2015, 2023 ಎಲ್ಲಾ ಅದೇ ಸಾಲಿನವು. ಪ್ರತಿಸಲವೂ ಬರ ಬೀಳಬೇಕಂತಿಲ್ಲ, ಆದ್ರ ಅಪಾಯ ಹೆಚ್ಚು.

ಹಳೆಯ ಆಸರೆ ಮಾತ್ರ ಸಣ್ಣದಾಗೇತಿ. 1878ರ ಅರಣ್ಯ ಕಾಯ್ದೆ ಬಂದು ಮೀಸಲು ಕಾಡಿನಲ್ಲಿ ಮೇಯಿಸೋದಕ್ಕೆ ಕಟ್ಟುಪಾಡಾಯ್ತು. ಖಾನಾಪುರದ ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆತು. ಕಾಡು ಉಳೀಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಅತ್ತ ಗಾಯರಾಣ ಕಿರಿದಾತು, ಜ್ವಾಳದ ಹೊಲಕ್ಕ ಕಬ್ಬು ಬಂತು. ಕಣಕಿ ವರ್ಷಗಟ್ಟಲೆ ಕೂಡಿಡಬಹುದು, ಹಸಿ ಸೋಗಿ ಹಂಗ ಇಡಲಿಕ್ಕ ಆಗೂದಿಲ್ಲ.

ಅದಕ್ಕ ಈಗ ನನ್ನ ಲೆಕ್ಕ ಬದಲಾಗೇತಿ: ಚಲೋ ಮಳಿ ಆದ ವರ್ಷದ ಹೆಚ್ಚಿನ ಮೇವು ಲಾಭ ಅಲ್ಲ, ಮುಂದಿನ ಬರದ ಪಾಲು. ಎರಡನೇ ವರ್ಷದ ಮೇವು ಕಣದಾಗ ಇರೋತನಕ ಬಣವಿ ಮಾರೂದಿಲ್ಲ. ನಿಮ್ಮ ಮನ್ಯಾಗ 1972ರ ಬರ ಕಂಡ ಹಿರಿಯರಿದ್ರ, ಆಗ ದನಕ್ಕ ಏನು ಹಾಕಿದ್ರಿ ಅಂತ ಕೇಳಿ ಕೆಳಗ ಬರೀರಿ.